ಪದೇ ಪದೇ ಕೇಳುವ ಪ್ರಶ್ನೆಗಳು: 1933ರ ಹಾಸ್ಯಚಿತ್ರ ‘ಇಂಟರ್‌ನ್ಯಾಷನಲ್ ಹೌಸ್’

ಈ ಹಳೆಯ ಸಿನಿಮಾ ಬಗ್ಗೆ ಮಾತು ಬಂದಾಗಲೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಕೇಳಿದವರು ಕೇಳಿದ ಮಾತಿನಲ್ಲೇ ಅವನ್ನು ಇಟ್ಟಿದ್ದೇನೆ. ಮೊದಲ ಸಲ ನೋಡುವವರಿಗೆ ಬೇಕಾದದ್ದು ಮೊದಲಿಗಿದೆ, ಆಗಲೇ ನೋಡಿದವರ ಪ್ರಶ್ನೆಗಳು ಆಮೇಲೆ.

ಮೊದಲ ಸಲ ನೋಡುವವರಿಗೆ

ಇದು ಯಾವ ಸಿನಿಮಾ? ಯಾರು ಮಾಡಿದ್ದು?

1933ರ ಮೇ ತಿಂಗಳಲ್ಲಿ ತೆರೆಗೆ ಬಂದ ಅಮೆರಿಕದ ಹಾಸ್ಯಚಿತ್ರ. ತಯಾರಿಸಿದ್ದು ಪ್ಯಾರಾಮೌಂಟ್ ಕಂಪನಿ. ನಿರ್ದೇಶಕರು ಎ. ಎಡ್ವರ್ಡ್ ಸದರ್ಲೆಂಡ್. ಹಾಡುಗಳನ್ನು ಮಾಡಿದ್ದು ರಾಲ್ಫ್ ರೇಂಜರ್ ಮತ್ತು ಲಿಯೊ ರಾಬಿನ್ ಜೋಡಿ. ಸಿನಿಮಾಕ್ಕೆ ಮಾತು ಬಂದು ಆಗ ಐದಾರು ವರ್ಷ ಆಗಿತ್ತು ಅಷ್ಟೆ. ಚಿತ್ರದ ಉದ್ದ 70 ನಿಮಿಷದ ಆಸುಪಾಸು. ಅಷ್ಟರೊಳಗೆ ಆಗಿನ ರೇಡಿಯೊ, ರಂಗಭೂಮಿ, ನೈಟ್‌ಕ್ಲಬ್ಬಿನ ಹತ್ತಾರು ಹೆಸರಾಂತ ಕಲಾವಿದರು ಬಂದು ಹೋಗುತ್ತಾರೆ.

ಅರ್ಧ ಗಂಟೆ ನೋಡಿದೆ, ಕಥೆಯೇ ಕೈಗೆ ಸಿಗಲಿಲ್ಲ. ಇದರ ಕಥೆ ಏನು?

ಕಥೆ ಇದೆ, ಆದರೆ ತೆಳು. ಚೀನಾದ ವುಹು ಊರಿನ ದೊಡ್ಡ ಹೋಟೆಲಿನಲ್ಲಿ ಡಾಕ್ಟರ್ ವಾಂಗ್ ಎಂಬ ವಿಜ್ಞಾನಿ ಒಂದು ಯಂತ್ರ ಕಂಡುಹಿಡಿದಿದ್ದಾನೆ. ಹೆಸರು ರೇಡಿಯೊಸ್ಕೋಪ್. ಜಗತ್ತಿನ ಯಾವ ಮೂಲೆಯಲ್ಲಿ ಏನು ನಡೆದರೂ ಅದು ಈ ಯಂತ್ರದ ಪರದೆ ಮೇಲೆ ಕಾಣುತ್ತದೆ, ಕೇಳುತ್ತದೆ. ಆ ಕಡೆ ಕ್ಯಾಮೆರಾ ಕೂಡ ಬೇಡ. ಅದನ್ನು ಕೊಂಡುಕೊಳ್ಳಲು ದೇಶದೇಶದವರು ಹೋಟೆಲಿಗೆ ಬಂದು ಇಳಿಯುತ್ತಾರೆ. ಅಮೆರಿಕದ ಕಂಪನಿಯ ಪರವಾಗಿ ಟಾಮಿ ನ್ಯಾಶ್ ಎಂಬ ಯುವಕ ಬರುತ್ತಾನೆ. ಅವನಿಗೆ ಬೇಡದ ಹೊತ್ತಿನಲ್ಲೆಲ್ಲ ಮಕ್ಕಳ ಕಾಯಿಲೆಗಳು ಅಂಟಿಕೊಳ್ಳುತ್ತವೆ. ಹೋಟೆಲಿಗೇ ಕ್ವಾರಂಟೈನ್ ಆಗುತ್ತದೆ. ಕೋವಿಡ್ ದಾಟಿ ಬಂದ ನಮಗೆ ಈ ಭಾಗ ಬೇರೆಯೇ ರೀತಿ ತಟ್ಟುತ್ತದೆ. ಈ ಮಧ್ಯೆ ಆಕಾಶದಿಂದ ಪ್ರೊಫೆಸರ್ ಕ್ವೇಲ್ ಎಂಬ ಅಸಾಮಿ ಬಂದು ಇಳಿಯುತ್ತಾನೆ. ವಾಂಗ್ ಅವನನ್ನೇ ಅಮೆರಿಕದ ಪ್ರತಿನಿಧಿ ಅಂದುಕೊಳ್ಳುತ್ತಾನೆ.

ಇಷ್ಟೇ ಕಥೆ. ವಾಂಗ್ ತನ್ನ ಯಂತ್ರದಲ್ಲಿ ನ್ಯೂಯಾರ್ಕಿನ ಆರು ದಿನದ ಸೈಕಲ್ ರೇಸ್ ತೋರಿಸಬೇಕು ಅಂತ ಪಾಡುಪಡುತ್ತಾನೆ. ಪ್ರತಿ ಸಲ ಬೇರೆ ಇನ್ನೇನೋ ಬರುತ್ತದೆ: ಒಬ್ಬ ಗಾಯಕ, ಒಂದು ಬ್ಯಾಂಡ್, ಒಂದು ಪುಟ್ಟ ಹುಡುಗಿ. ಹಾಗೆ ಬಂದು ಹೋಗುವವರೇ ಈ ಸಿನಿಮಾದ ಜೀವ. ಹಾಗಾಗಿ ಕಥೆ ಹುಡುಕುತ್ತಾ ಕೂರಬೇಡಿ. ಊರ ಜಾತ್ರೆಯಲ್ಲಿ ರಾತ್ರಿ ಒಂದಾದ ಮೇಲೆ ಒಂದು ಐಟಂ ನೋಡುತ್ತೀವಲ್ಲ, ಹಾಗೆ ನೋಡಿ. ಆಗ ರುಚಿ ಹತ್ತುತ್ತದೆ.

ತೊಂಬತ್ತು ವರ್ಷದ ಹಿಂದಿನ ಹಾಸ್ಯ. ಈಗ ನೋಡಿದರೆ ನಗು ಬರುತ್ತಾ?

ಬರುತ್ತದೆ, ಎಲ್ಲ ಕಡೆಯೂ ಅಲ್ಲ. ಪ್ರೊಫೆಸರ್ ಕ್ವೇಲ್ ಆಗಿರುವ ಡಬ್ಲ್ಯು. ಸಿ. ಫೀಲ್ಡ್ಸ್ ಬರುವ ಪ್ರತಿ ಘಳಿಗೆಯೂ ಈಗಲೂ ತಾಜಾ. ನರ್ಸ್ ಆಗಿರುವ ಗ್ರೇಸಿ ಅಲೆನ್ ಮಾತಂತೂ ಹೊಸದಾಗಿ ಬರೆದಂತಿದೆ. ರೇಡಿಯೊ ಹಾಸ್ಯ ಜೋಡಿ ಸ್ಟೂಪ್‌ನೇಗಲ್ ಮತ್ತು ಬಡ್ ಅವರ ಭಾಗ ನನಗೆ ಸಪ್ಪೆ ಅನ್ನಿಸುತ್ತದೆ. ಕೇಳುವುದಕ್ಕೆಂದೇ ಹುಟ್ಟಿದ ಹಾಸ್ಯ ಅದು, ಕಣ್ಣಿಗೆ ಏನೂ ಕೊಡುವುದಿಲ್ಲ.

ವುಹು ಅನ್ನೋ ಊರು ನಿಜವಾಗಿ ಇದೆಯಾ?

ಇದೆ. ಚೀನಾದ ಆನ್‌ಹುಯಿ ಪ್ರಾಂತ್ಯದಲ್ಲಿ, ಯಾಂಗ್ಟ್ಸೆ ನದಿ ದಂಡೆ ಮೇಲೆ. 1876ರ ಒಪ್ಪಂದದ ನಂತರ ವಿದೇಶಿ ವ್ಯಾಪಾರಕ್ಕೆ ತೆರೆದುಕೊಂಡ ಬಂದರು ಪಟ್ಟಣ. ಆದರೆ ಸಿನಿಮಾದಲ್ಲಿ ಕಾಣುವ ವುಹು ಹಾಲಿವುಡ್ಡಿನಲ್ಲಿ ಹಾಕಿದ ಸೆಟ್. ಈ ಊರನ್ನೇ ಆರಿಸಿದ್ದಕ್ಕೆ ಕಾರಣ ಅದರ ಹೆಸರಿನ ಸದ್ದೇ ಇರಬೇಕು. ಇಂಗ್ಲಿಷ್ ಕಿವಿಗೆ ಅದು ಯಾರನ್ನೋ ಕೂಗಿ ಕರೆದ ಹಾಗೆ ಕೇಳುತ್ತದೆ. ಆ ಒಂದು ಸದ್ದಿನಿಂದ ಫೀಲ್ಡ್ಸ್ ಎಷ್ಟು ನಗು ಹಿಂಡುತ್ತಾರೆ ಅಂತ ನೋಡಿಯೇ ತಿಳಿಯಬೇಕು.

ಮನೆಯಲ್ಲಿ ಮಕ್ಕಳ ಜೊತೆ ನೋಡಬಹುದಾ?

ಹಸಿಬಿಸಿ ದೃಶ್ಯ ಇಲ್ಲ. ಡಬಲ್ ಮೀನಿಂಗ್ ಮಾತು ಜಾಸ್ತಿ. ಚಿಕ್ಕ ಮಕ್ಕಳಿಗೆ ಅದು ತಿಳಿಯುವುದಿಲ್ಲ. ಅವರು ಹೋಟೆಲಿನ ಒಳಗೇ ಓಡುವ ಪುಟಾಣಿ ಕಾರು ನೋಡಿ ಖುಷಿಪಡುತ್ತಾರೆ. ಗಾಂಜಾ ಬಗ್ಗೆ ಒಂದು ಹಾಡಿದೆ, ಹರೆಯದ ಮಕ್ಕಳು ಜೊತೆಗಿದ್ದರೆ ಅದರ ಬಗ್ಗೆ ಮಾತಾಡಲು ತಯಾರಿರಿ.

ಒಳ್ಳೆ ಪ್ರಿಂಟ್ ಎಲ್ಲಿ ಸಿಗುತ್ತೆ?

ಪ್ಯಾರಾಮೌಂಟ್ ಕಂಪನಿಯ ಹಳೆಯ ಚಿತ್ರಗಳಲ್ಲಿ ಬಹುಪಾಲು ಈಗ ಯೂನಿವರ್ಸಲ್ ಕೈಯಲ್ಲಿವೆ. ಅವರು 2004ರಲ್ಲಿ ಫೀಲ್ಡ್ಸ್ ಅವರ ಐದು ಚಿತ್ರಗಳ ಡಿವಿಡಿ ಸೆಟ್ ತಂದರು. ಅದರಲ್ಲಿ ಇದೂ ಇದೆ. ಸಬ್‌ಟೈಟಲ್ ಹಾಕಿಕೊಂಡೇ ನೋಡಿ. ಫೀಲ್ಡ್ಸ್ ಮೂಗಿನಲ್ಲಿ ಗೊಣಗುತ್ತಾರೆ, ಒಳ್ಳೆಯ ಮಾತುಗಳೆಲ್ಲ ಆ ಗೊಣಗಾಟದಲ್ಲೇ ಇರುತ್ತವೆ.

ಕಲಾವಿದರ ಬಗ್ಗೆ

ಪೆಗ್ಗಿ ಹಾಪ್ಕಿನ್ಸ್ ಜಾಯ್ಸ್ ಯಾರು? ತಮ್ಮ ಹೆಸರಲ್ಲೇ ನಾಯಕಿ ಆಗಿದ್ದಾರಲ್ಲ, ಅಷ್ಟು ದೊಡ್ಡ ನಟಿಯಾ?

ನಟಿಯಾಗಿ ದೊಡ್ಡವರಲ್ಲ. ಸುದ್ದಿಯಾಗಿ ದೊಡ್ಡವರು. ವರ್ಜೀನಿಯಾದ ಸಾಮಾನ್ಯ ಮನೆಯಲ್ಲಿ ಹುಟ್ಟಿ ಜೀಗ್‌ಫೆಲ್ಡ್ ಫಾಲೀಸ್ ಎಂಬ ನ್ಯೂಯಾರ್ಕಿನ ವೈಭವದ ರಂಗಪ್ರದರ್ಶನದಲ್ಲಿ ಮೆರೆದರು. ಆಮೇಲೆ ಶ್ರೀಮಂತರನ್ನು ಮದುವೆಯಾಗುವುದು, ಬಿಡುವುದು, ಒಡವೆ ಕೊಳ್ಳುವುದು, ಇವುಗಳಿಂದಲೇ ಪತ್ರಿಕೆ ತುಂಬಿದರು. ಒಟ್ಟು ಆರು ಮದುವೆ, ಈ ಸಿನಿಮಾ ಹೊತ್ತಿಗೆ ನಾಲ್ಕು ಮುಗಿದಿದ್ದವು. 1928ರಲ್ಲಿ ಅವರು ಕೊಂಡ ‘ಪೋರ್ಚುಗೀಸ್ ಡೈಮಂಡ್’ ಎಂಬ 127 ಕ್ಯಾರೆಟ್ಟಿನ ವಜ್ರ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ.

ಈಗ ಒಬ್ಬ ಸೆಲೆಬ್ರಿಟಿ ‘ಏನು ಮಾಡಿ ಫೇಮಸ್ ಆದರು’ ಅಂತ ಕೇಳುತ್ತೇವಲ್ಲ, ಆ ಪ್ರಶ್ನೆಗೆ ಪೆಗ್ಗಿ ಹಳೆಯ ಉದಾಹರಣೆ. ಸಿನಿಮಾದ ಪೆಗ್ಗಿಯೂ ಕೋಟ್ಯಧಿಪತಿ ಗಂಡನನ್ನು ಹುಡುಕುತ್ತಿರುತ್ತಾಳೆ. ತಮ್ಮ ಬಗ್ಗೆ ಜನ ಆಡುವ ಮಾತನ್ನೇ ಅವರು ನಗುನಗುತ್ತಾ ತೆರೆ ಮೇಲೆ ಆಡಿ ತೋರಿಸುತ್ತಾರೆ. ಅದಕ್ಕೆ ಧೈರ್ಯ ಬೇಕು. ಅವರನ್ನು ಹಗುರವಾಗಿ ನೋಡುವವರು ಈ ಮಾತು ಮರೆಯಬಾರದು.

ಫೀಲ್ಡ್ಸ್ ಬರುವ ಆ ವಿಮಾನ ಏನದು? ಹೆಲಿಕಾಪ್ಟರ್ ಆಗ ಇತ್ತಾ?

ಅದು ಆಟೊಜೈರೋ. ಸ್ಪೇನಿನ ಹ್ವಾನ್ ದೆ ಲಾ ಸಿಯೆರ್ವಾ ಕಂಡುಹಿಡಿದದ್ದು. ಮೊದಲ ಸಲ ಹಾರಿದ್ದು 1923ರಲ್ಲಿ. ಮೇಲಿನ ರೆಕ್ಕೆಗಳನ್ನು ಎಂಜಿನ್ ತಿರುಗಿಸುವುದಿಲ್ಲ. ಮುಂದಿನ ಫ್ಯಾನು ವಿಮಾನವನ್ನು ಮುಂದಕ್ಕೆ ಎಳೆದಾಗ ಬರುವ ಗಾಳಿಗೆ ಅವು ತಾವೇ ತಿರುಗುತ್ತವೆ. 1930ರ ಸುಮಾರಿಗೆ ಅಮೆರಿಕದಲ್ಲಿ ಅದು ಹೊಸ ಬೆರಗು.

ಕ್ವೇಲ್ ಹೊರಟಿದ್ದು ಮೆಕ್ಸಿಕೋದಿಂದ ಕಾನ್ಸಸ್ ಸಿಟಿಗೆ. ಇಳಿದದ್ದು ಚೀನಾದ ಹೋಟೆಲಿನ ಮಹಡಿ ಮೇಲೆ, ಜನ ಊಟ ಮಾಡುತ್ತಾ ಕುಳಿತಿರುವಾಗ. ದಾರಿ ತಪ್ಪಿದ್ದು ತಾನಲ್ಲ, ಕಾನ್ಸಸ್ ಸಿಟಿಯೇ ತಪ್ಪಿಸಿಕೊಂಡಿದೆ ಅನ್ನುವುದು ಅವನ ವಾದ. ಆಮೇಲೆ ವಿಮಾನದ ಹೊಟ್ಟೆಯಿಂದ ಒಂದು ಅಮೆರಿಕನ್ ಆಸ್ಟಿನ್ ಕಾರು ಹೊರಬರುತ್ತದೆ. ಆಗ ನಿಜವಾಗಿ ಮಾರಾಟಕ್ಕಿದ್ದ ಪುಟಾಣಿ ಕಾರು ಅದು.

ಫೀಲ್ಡ್ಸ್ ಹುಟ್ಟಿದ್ದು 1880ರಲ್ಲಿ. ಚೆಂಡು, ಟೋಪಿ, ಸಿಗಾರ್ ಪೆಟ್ಟಿಗೆಗಳನ್ನು ಗಾಳಿಗೆ ಎಸೆದು ಹಿಡಿಯುವ ಆಟದಿಂದ ಲೋಕ ಸುತ್ತಿದವರು. ಅವರ ಕೈಬೆರಳು ಗಮನಿಸಿ. ಟೋಪಿ ಹಾಕಿಕೊಳ್ಳುವಾಗಲೂ ಕೈ ಆ ಹಳೆ ಲೆಕ್ಕದಲ್ಲೇ ಆಡುತ್ತದೆ. ಇನ್ನೊಂದು ವಿಷಯ: 1917ರ ಜೀಗ್‌ಫೆಲ್ಡ್ ಫಾಲೀಸ್‌ನಲ್ಲಿ ಫೀಲ್ಡ್ಸ್ ಮತ್ತು ಪೆಗ್ಗಿ ಇಬ್ಬರೂ ಇದ್ದರು. 16 ವರ್ಷ ಆದ ಮೇಲೆ ಇಲ್ಲಿ ಜೋಡಿಯಾಗಿದ್ದಾರೆ.

ಆ ನರ್ಸ್ ಮಾತಿಗೆ ತಲೆಬುಡ ಇಲ್ಲ. ಆದರೂ ನಗು ಬರುತ್ತೆ, ಯಾಕೆ?

ಆಕೆ ಗ್ರೇಸಿ ಅಲೆನ್. ಹೋಟೆಲಿನ ಡಾಕ್ಟರ್ ಆಗಿ ಬರುವವರು ಅವರ ಗಂಡ ಜಾರ್ಜ್ ಬರ್ನ್ಸ್. ಗ್ರೇಸಿ ಮಾತಿಗೆ ತಲೆಬುಡ ಇಲ್ಲ ಅನ್ನಿಸುತ್ತದೆ, ಆದರೆ ಆಕೆಯ ಮಟ್ಟಿಗೆ ಅದು ಪೂರ್ತಿ ತರ್ಕಬದ್ಧ. ಆಕೆ ದಡ್ಡಿಯ ಹಾಗೆ ಆಡುವುದಿಲ್ಲ. ಬೇರೆಯವರಿಗೆ ಯಾಕೆ ತಿಳಿಯುತ್ತಿಲ್ಲ ಅಂತ ಪಾಪ ಅನ್ನಿಸಿದವರ ಹಾಗೆ ನಿಲ್ಲುತ್ತಾರೆ. ಗುಟ್ಟು ಅಲ್ಲಿದೆ.

ಜೋಡಿ ಶುರುವಾದಾಗ ಜೋಕ್ ಹೇಳುತ್ತಿದ್ದವರು ಬರ್ನ್ಸ್. ಗ್ರೇಸಿ ಕೇಳುವ ಬರೀ ಪ್ರಶ್ನೆಗಳಿಗೇ ಜನ ನಗುತ್ತಿದ್ದರು. ಬರ್ನ್ಸ್ ಅದನ್ನು ಗಮನಿಸಿ ಪಾತ್ರ ಅದಲುಬದಲು ಮಾಡಿದರು. 1932ರಲ್ಲಿ ರೇಡಿಯೊಕ್ಕೆ ಬಂದರು. 1933ರ ಶುರುವಿನಲ್ಲಿ ಗ್ರೇಸಿ ‘ಕಳೆದುಹೋದ ನನ್ನ ಅಣ್ಣ’ನನ್ನು ಹುಡುಕುತ್ತಾ ಬೇರೆ ಬೇರೆ ರೇಡಿಯೊ ಕಾರ್ಯಕ್ರಮಗಳಿಗೆ ದಿಢೀರನೆ ನುಗ್ಗುತ್ತಿದ್ದರು. ಇಡೀ ದೇಶಕ್ಕೆ ಅದೊಂದು ಆಟವಾಗಿತ್ತು. ಸಿನಿಮಾ ಬಂದಾಗ ಜನರಿಗೆ ಅವರು ಮನೆಯವರಷ್ಟೇ ಪರಿಚಿತರು.

ಹಾಡುವ ಹುಡುಗಿಯ ದನಿ ಅವಳದ್ದೇನಾ? ದೊಡ್ಡವರ ದನಿ ಹಾಕಿದ ಹಾಗಿದೆ.

ಅವಳದ್ದೇ. ಬೇಬಿ ರೋಸ್ ಮೇರಿ ಹುಟ್ಟಿದ್ದು 1923ರ ಆಗಸ್ಟಿನಲ್ಲಿ. ಇಲ್ಲಿ ಇನ್ನೂ ಹತ್ತು ತುಂಬಿಲ್ಲ. ಈ ಅನುಮಾನ ಆಗಿನ ರೇಡಿಯೊ ಕೇಳುಗರಿಗೂ ಇತ್ತು. ಯಾರೋ ದೊಡ್ಡವರೇ ಮಗು ಅಂತ ಹೇಳಿಕೊಂಡು ಹಾಡುತ್ತಿದ್ದಾರೆ ಅಂತ ದೂರಿದರು. ಅದಕ್ಕೇ ಮಗುವನ್ನು ಊರೂರು ಸುತ್ತಿಸಿ ವೇದಿಕೆ ಮೇಲೆ ನಿಲ್ಲಿಸಿ ತೋರಿಸಬೇಕಾಯಿತು. ಮುಂದೆ 1960ರ ದಶಕದ ಟಿವಿ ಹಾಸ್ಯ ಧಾರಾವಾಹಿ ‘ಡಿಕ್ ವ್ಯಾನ್ ಡೈಕ್ ಷೋ’ದಲ್ಲಿ ಅಮೆರಿಕದ ಮನೆಮನೆಗೂ ಬಂದರು. 2017ರಲ್ಲಿ ತೀರಿಕೊಂಡರು.

ಡ್ರಾಕುಲಾ ಮಾಡಿದ ನಟ ಇಲ್ಲಿ ಏನು ಮಾಡ್ತಿದ್ದಾರೆ?

ಬೆಲಾ ಲುಗೋಸಿ ಇಲ್ಲಿ ಜನರಲ್ ಪೆಟ್ರೊನೊವಿಚ್. ಪೆಗ್ಗಿಯ ಹಳೆಯ ಗಂಡ, ಉರಿಯುವ ಹೊಟ್ಟೆಕಿಚ್ಚಿನವನು. 1931ರ ಡ್ರಾಕುಲಾದಲ್ಲಿ ಹೆದರಿಸಿದ ಅದೇ ಕಣ್ಣು, ಅದೇ ಹಂಗೇರಿಯನ್ ಉಚ್ಚಾರ, ಇಲ್ಲಿ ನಗಿಸುತ್ತದೆ. ಅವರಿಗೆ ಹಾಸ್ಯ ಇಷ್ಟು ಒಗ್ಗುತ್ತಿತ್ತು ಅನ್ನುವುದು ಮುಂದಿನವರಿಗೆ ಕಾಣಲಿಲ್ಲವಲ್ಲ ಅಂತ ನನಗೆ ಪ್ರತಿ ಸಲ ಬೇಜಾರಾಗುತ್ತದೆ.

ಕ್ಯಾಬ್ ಕ್ಯಾಲೊವೇ ಹಾಡು ನಿಜವಾಗಿಯೂ ಗಾಂಜಾ ಬಗ್ಗೆಯಾ? ಅದಕ್ಕೆ ಹೇಗೆ ಬಿಟ್ಟರು?

ಹೌದು. ಜಾಸ್ ಗಾಯಕ, ಬ್ಯಾಂಡ್ ನಾಯಕ ಕ್ಯಾಬ್ ಹಾಡುವ ಈ ಹಾಡಿನ ಹೆಸರು ‘ರೀಫರ್ ಮ್ಯಾನ್’. ರೀಫರ್ ಅಂದರೆ ಆಗಿನ ಬೀದಿಮಾತಿನಲ್ಲಿ ಗಾಂಜಾ ಸಿಗರೇಟ್. ಬರೆದದ್ದು ಆಂಡಿ ರಜಾಫ್ ಮತ್ತು ಜೆ. ರಸೆಲ್ ರಾಬಿನ್ಸನ್. ಅಮೆರಿಕದ ಕೇಂದ್ರ ಸರ್ಕಾರ ಗಾಂಜಾ ಮೇಲೆ ಕಾನೂನು ತಂದದ್ದು 1937ರಲ್ಲಿ. ಕೆಲವು ರಾಜ್ಯಗಳಲ್ಲಿ ಮೊದಲೇ ನಿಷೇಧ ಇತ್ತು, ಆದರೆ ಜಾಸ್ ಲೋಕದಲ್ಲಿ ಇಂಥ ಹಾಡು ಹೊಸದೇನಲ್ಲ.

ನಾನು ಈ ಸಿನಿಮಾವನ್ನು ಮತ್ತೆ ಮತ್ತೆ ನೋಡುವುದು ಈ ಮೂರು ನಿಮಿಷಕ್ಕಾಗಿ. ಬಾಸ್ ನುಡಿಸುವ ಆಲ್ ಮೋರ್ಗನ್ ಕಣ್ಣು ಮೇಲೆ ಮಾಡಿಕೊಂಡು ತಂತಿ ಬಡಿಯುತ್ತಿರುತ್ತಾರೆ. ಇವನಿಗೆ ಏನಾಗಿದೆ ಅಂತ ಕ್ಯಾಬ್ ಕೇಳುತ್ತಾರೆ, ಅಲ್ಲಿಂದ ಹಾಡು ಹೊತ್ತಿಕೊಳ್ಳುತ್ತದೆ. ಕ್ಯಾಬ್ ಮೈಯಲ್ಲಿ ಮೂಳೆ ಇದೆಯೋ ಇಲ್ಲವೋ ಅನ್ನುವ ಹಾಗೆ ಕುಣಿಯುತ್ತಾರೆ. ಕೂದಲು ಹಣೆಗೆ ಬೀಳುತ್ತದೆ, ಕೈ ಬ್ಯಾಂಡನ್ನು ಎಳೆದುಕೊಂಡು ಹೋಗುತ್ತದೆ. ಆಗ ಅವರಿಗೆ 25 ವರ್ಷ.

ನ್ಯೂಯಾರ್ಕಿನ ಹಾರ್ಲೆಮ್ಮಿನ ಕಾಟನ್ ಕ್ಲಬ್ಬಿನಲ್ಲಿ ಡ್ಯೂಕ್ ಎಲಿಂಗ್ಟನ್ ಅವರ ಬ್ಯಾಂಡ್ ಬಿಟ್ಟ ಜಾಗಕ್ಕೆ 1931ರಲ್ಲಿ ಬಂದದ್ದು ಕ್ಯಾಬ್ ಅವರ ಬ್ಯಾಂಡ್. ಆ ಕ್ಲಬ್ಬಿನಲ್ಲಿ ವೇದಿಕೆ ಮೇಲಿನವರೆಲ್ಲ ಕಪ್ಪು ಜನ. ಮೇಜಿನ ಮುಂದೆ ಕೂರಲು ಬಿಡುತ್ತಿದ್ದದ್ದು ಬಿಳಿಯರನ್ನು ಮಾತ್ರ. ಕಲಾವಿದರ ಸ್ವಂತ ಕೇರಿಯಲ್ಲೇ ಅವರ ಜನರಿಗೆ ಒಳಗೆ ಜಾಗವಿಲ್ಲ. ಆ ಬಾಗಿಲು ದಾಟಲಾಗದವರಿಗೂ ಕ್ಯಾಬ್ ಸಿಕ್ಕಿದ್ದು ರೇಡಿಯೊ ಮತ್ತು ಇಂಥ ಸಿನಿಮಾಗಳಿಂದ.

ಆ ಕಾಲ, ಆ ರಾತ್ರಿಗಳು

ರೂಫ್ ಗಾರ್ಡನ್ ಅಂದರೆ ಏನು? ಹೋಟೆಲ್ ಮಹಡಿ ಮೇಲೆ ಡ್ಯಾನ್ಸ್ ಯಾಕೆ?

ಏರ್ ಕಂಡಿಷನ್ ಬರುವ ಮುಂಚೆ ನ್ಯೂಯಾರ್ಕಿನ ಬೇಸಿಗೆ ರಾತ್ರಿಗೆ ಮಹಡಿಯೇ ಗತಿ. ಥಿಯೇಟರ್ ಮತ್ತು ಹೋಟೆಲಿನವರು ಮೇಲೆ ಮೇಜು ಹಾಕಿ, ಗಿಡ ಇಟ್ಟು, ಬ್ಯಾಂಡ್ ಕೂರಿಸುತ್ತಿದ್ದರು. ನ್ಯೂ ಆಮ್‌ಸ್ಟರ್‌ಡ್ಯಾಮ್ ಥಿಯೇಟರಿನ ಮಹಡಿಯಲ್ಲಿ 1915ರಿಂದ ಜೀಗ್‌ಫೆಲ್ಡ್ ಅವರ ‘ಮಿಡ್‌ನೈಟ್ ಫ್ರಾಲಿಕ್’ ಎಂಬ ತಡರಾತ್ರಿಯ ಪ್ರದರ್ಶನ ನಡೆಯುತ್ತಿತ್ತು. ಕೆಳಗಿನ ಆಟ ಮುಗಿದ ಮೇಲೆ ಶ್ರೀಮಂತರು ಲಿಫ್ಟ್ ಹತ್ತಿ ಮೇಲೆ ಹೋಗುತ್ತಿದ್ದರು. ಪಾನನಿಷೇಧ ಬಂದ ಮೇಲೆ ಅದು ಉಳಿಯಲಿಲ್ಲ. ಸಿನಿಮಾದ ವುಹು ಹೋಟೆಲಿನ ಮಹಡಿ ಅದೇ ನ್ಯೂಯಾರ್ಕಿನ ನೆನಪು, ಚೀನೀ ಬಟ್ಟೆ ತೊಡಿಸಿದ್ದಾರೆ ಅಷ್ಟೆ.

ಅಲ್ಲಿ ಚಹಾ ಬಟ್ಟಲಿನ ವೇಷದ ಹುಡುಗಿಯರ ಕುಣಿತ ಒಂದಿದೆ. ಅದರಲ್ಲಿ ಬರುವ ಯುವಕ ಸ್ಟರ್ಲಿಂಗ್ ಹಾಲೊವೇ. ಅವರ ದನಿಯನ್ನು ನೀವು ಬೇರೆಡೆ ಕೇಳಿರಬಹುದು: ಡಿಸ್ನಿಯ ವಿನ್ನಿ ದ ಪೂ ಮತ್ತು ಜಂಗಲ್ ಬುಕ್ಕಿನ ಕಾ ಹಾವಿಗೆ ದನಿ ಕೊಟ್ಟವರು ಇವರೇ.

ಆಗ ಅಮೆರಿಕದಲ್ಲಿ ಕುಡಿತ ಬಂದ್ ಇತ್ತಲ್ಲ? ಇದರಲ್ಲಿ ಬಿಯರ್ ಹೊಳೆ ಹರಿಯುತ್ತಲ್ಲ?

ಪಾನನಿಷೇಧ ಜಾರಿಯಲ್ಲಿದ್ದದ್ದು 1920ರ ಜನವರಿಯಿಂದ 1933ರ ಡಿಸೆಂಬರ್‌ವರೆಗೆ. ಆದರೆ ಕಡಿಮೆ ಮದ್ಯಾಂಶದ ಬಿಯರಿಗೆ 1933ರ ಏಪ್ರಿಲ್ 7ರಂದೇ ಅನುಮತಿ ಸಿಕ್ಕಿತು. ಸಿನಿಮಾ ಬಂದದ್ದು ಮೇ ಕೊನೆಗೆ. 13 ವರ್ಷ ಕದ್ದು ಕುಡಿದ ಜನ ಆಗಷ್ಟೇ ಬೆಳಕಿನಲ್ಲಿ ಲೋಟ ಎತ್ತಿದ್ದರು. ಆಟೊಜೈರೋ ಹಾರುತ್ತಾ ದಾರಿಯುದ್ದಕ್ಕೂ ಖಾಲಿ ಬಿಯರ್ ಬಾಟಲಿ ಬೀಳುವುದನ್ನು ನೋಡಿ ಅವರಿಗೆ ಹೇಗನ್ನಿಸಿರಬೇಡ!

1933ರಲ್ಲೇ ಟಿವಿ ಇತ್ತಾ? ಇಲ್ಲಾ ಇದು ಊಹೆನಾ?

ಪ್ರಯೋಗಶಾಲೆಯಲ್ಲಿ ಇತ್ತು, ಮನೆಯಲ್ಲಿ ಇರಲಿಲ್ಲ. ಜಾನ್ ಲೋಗಿ ಬೇರ್ಡ್ ಲಂಡನ್ನಿನಲ್ಲಿ ಮಸುಕು ಚಿತ್ರ ತೋರಿಸಿದ್ದು 1926ರಲ್ಲಿ. ಅಮೆರಿಕದ ಫೈಲೊ ಫಾರ್ನ್ಸ್‌ವರ್ತ್ ಎಲೆಕ್ಟ್ರಾನಿಕ್ ಟಿವಿ ಸಾಧಿಸಿದ್ದು 1927ರಲ್ಲಿ. ಬಿಬಿಸಿಯ ನಿಯಮಿತ ಟಿವಿ ಸೇವೆ ಶುರುವಾದದ್ದು 1936ರ ನವೆಂಬರಿನಲ್ಲಿ. ನಮ್ಮ ದೆಹಲಿಗೆ 1959ರಲ್ಲಿ ಬಂತು. ಹಾಗಾಗಿ ಆಗಿನ ಜನ ಟಿವಿ ಅನ್ನುವ ಪದ ಪತ್ರಿಕೆಯಲ್ಲಿ ಓದಿದ್ದರು, ಹೆಚ್ಚಿನವರು ಕಣ್ಣಾರೆ ಕಂಡಿರಲಿಲ್ಲ.

ರೇಡಿಯೊಸ್ಕೋಪ್ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ರೂಡಿ ವ್ಯಾಲಿ ಎಂಬ ಗಾಯಕ ಪರದೆಯಲ್ಲಿ ಹಾಡುತ್ತಿರುವಾಗ ಫೀಲ್ಡ್ಸ್ ಇಲ್ಲಿಂದ ಕೊಂಕು ಮಾತಾಡುತ್ತಾರೆ. ವ್ಯಾಲಿಗೆ ಅದು ಕೇಳಿಸುತ್ತದೆ! ಹಾಡು ನಿಲ್ಲಿಸಿ ಬಾಯ್ಮುಚ್ಚಿ ಕೂರು ಅನ್ನುತ್ತಾರೆ. ವಿಡಿಯೊ ಕಾಲ್ ಮಾಡುವ ನಮಗೆ ಇದು ಸಹಜ. ಆಗ ಅದು ಶುದ್ಧ ಹುಚ್ಚು ಕಲ್ಪನೆ.

ಒಂದೇ ಸಿನಿಮಾದಲ್ಲಿ ಇಷ್ಟೊಂದು ಫೇಮಸ್ ಜನರನ್ನು ಯಾಕೆ ತುರುಕಿದರು?

ಮೊದಲ ಕಾರಣ ದುಡ್ಡು. ಆರ್ಥಿಕ ಕುಸಿತದ ಕಾಲ. ಜನ ಚಿತ್ರಮಂದಿರಕ್ಕೆ ಬರುತ್ತಿರಲಿಲ್ಲ. ಪ್ಯಾರಾಮೌಂಟ್ 1933ರ ಜನವರಿಯಲ್ಲಿ ಸಾಲ ತೀರಿಸಲಾಗದೆ ಕೋರ್ಟ್ ನೇಮಿಸಿದವರ ಉಸ್ತುವಾರಿಗೆ ಹೋಗಿತ್ತು. ಮನೆಯಲ್ಲಿ ರೇಡಿಯೊ ಪುಕ್ಕಟೆ ಹಾಡುತ್ತಿತ್ತು. ಆ ರೇಡಿಯೊ ತಾರೆಯರ ಮುಖ ನೋಡುವ ಆಸೆಯನ್ನೇ ಟಿಕೆಟ್ ಮಾಡಿದರು. ಹಿಂದಿನ ವರ್ಷ ಇದೇ ಕಂಪನಿಯ ‘ದ ಬಿಗ್ ಬ್ರಾಡ್‌ಕಾಸ್ಟ್’ ಇದೇ ದಾರಿ ಹಿಡಿದಿತ್ತು.

ರೇಡಿಯೊಸ್ಕೋಪ್ ಇಲ್ಲಿ ದೊಡ್ಡ ಉಪಾಯ. ಅತಿಥಿಗಳೆಲ್ಲ ಪರದೆಯೊಳಗೆ ಬರುವುದರಿಂದ ಅವರು ನಾಯಕ ನಾಯಕಿಯರ ಜೊತೆ ಒಂದೇ ಸೆಟ್ಟಿನಲ್ಲಿ ನಿಲ್ಲಬೇಕಿಲ್ಲ, ಕಥೆಗೆ ಹೊಂದಬೇಕಿಲ್ಲ. ತಮ್ಮ ಐಟಂ ಮಾಡಿದರೆ ಸಾಕು.

ಇನ್ನೂ ಒಳಗೆ ಇಳಿಯುವವರಿಗೆ

ಶೂಟಿಂಗ್ ನಡೆಯುವಾಗ ಭೂಕಂಪ ಆದ ವಿಡಿಯೊ ನೋಡಿದೆ. ಅದು ನಿಜವಾ?

ಭೂಕಂಪ ನಿಜ, ವಿಡಿಯೊ ಸುಳ್ಳು. 1933ರ ಮಾರ್ಚ್ 10ರ ಸಂಜೆ ಲಾಂಗ್ ಬೀಚ್ ಸುತ್ತ 6.4 ತೀವ್ರತೆಯ ಭೂಕಂಪ ಆಗಿ ನೂರಕ್ಕೂ ಹೆಚ್ಚು ಜನ ಸತ್ತರು. ಸೆಟ್ಟಿನಲ್ಲಿ ಕ್ಯಾಮೆರಾ ಓಡುತ್ತಿರುವಾಗಲೇ ನೆಲ ನಡುಗಿತು ಅಂತ ಒಂದು ತುಣುಕು ಸುದ್ದಿಚಿತ್ರಗಳಲ್ಲಿ ಸುತ್ತಾಡಿತು. ಅದು ಭೂಕಂಪ ಆದ ಮೇಲೆ ಕ್ಯಾಮೆರಾ ಅಲುಗಾಡಿಸಿ ತಾವೇ ತೆಗೆದದ್ದು ಅಂತ ನಿರ್ದೇಶಕ ಸದರ್ಲೆಂಡ್ ಎಷ್ಟೋ ವರ್ಷದ ಮೇಲೆ ಒಪ್ಪಿಕೊಂಡರು. ಸತ್ತವರ ಸುದ್ದಿ ಇನ್ನೂ ಹಸಿಯಾಗಿದ್ದಾಗ ಮಾಡಿದ ಕೆಲಸ. ಈ ಚಿತ್ರವನ್ನು ಇಷ್ಟಪಡುವ ನನಗೂ ಇದು ಸರಿ ಕಾಣುವುದಿಲ್ಲ. ಈಗಲೂ ಎಷ್ಟೋ ಕಡೆ ಅದನ್ನು ನಿಜ ಅಂತಲೇ ಹಂಚುತ್ತಾರೆ, ನೀವು ಹಂಚಬೇಡಿ.

‘ಪ್ರಿ-ಕೋಡ್’ ಸಿನಿಮಾ ಅಂತಾರಲ್ಲ, ಹಾಗಂದರೆ ಇಲ್ಲಿ ಏನು?

ಹಾಲಿವುಡ್ ತನಗೆ ತಾನೇ ನೀತಿಸಂಹಿತೆ ಬರೆದುಕೊಂಡದ್ದು 1930ರಲ್ಲಿ. ಅದನ್ನು ಬಿಗಿಯಾಗಿ ಜಾರಿಗೆ ತಂದದ್ದು 1934ರ ಜುಲೈಯಿಂದ. ನಡುವಿನ ಆ ನಾಲ್ಕು ವರ್ಷದ ಚಿತ್ರಗಳನ್ನು ಪ್ರಿ-ಕೋಡ್ ಅನ್ನುತ್ತಾರೆ. ಗಾಂಜಾ ಹಾಡು, ಮದುವೆ ಮುರಿಯುವುದನ್ನೇ ಕಸುಬಾಗಿ ತೋರಿಸುವ ನಾಯಕಿ, ಕಾರಿನ ಸೀಟಿನಲ್ಲಿ ಬೆಕ್ಕು ಸಿಕ್ಕಿಕೊಂಡಾಗಿನ ಎರಡರ್ಥದ ಮಾತು, ಇವೆಲ್ಲ ಒಂದು ವರ್ಷ ತಡವಾಗಿದ್ದರೆ ದಾಟುತ್ತಿರಲಿಲ್ಲ.

ಇನ್ನೊಂದು ಕ್ಷಣ ಗಮನಿಸಿ. ಹೋಟೆಲ್ ಮ್ಯಾನೇಜರ್ ಆಗಿರುವ ಫ್ರಾಂಕ್ಲಿನ್ ಪ್ಯಾಂಗ್‌ಬಾರ್ನ್ ನಾಜೂಕಾಗಿ ಊರಿನ ಹೆಸರು ಹೇಳುತ್ತಾರೆ. ಅವರು ತನ್ನನ್ನು ಕರೆಯುತ್ತಿದ್ದಾರೆ ಅಂದುಕೊಂಡ ಫೀಲ್ಡ್ಸ್ ತಮ್ಮ ಕೋಟಿನ ಹೂವನ್ನು ತೆಗೆದು ಬಿಸಾಡುತ್ತಾರೆ. ಗಂಡು ಗಂಡಿನ ಒಲವನ್ನು ಹೆಸರಿಸದೇ ಹೇಳಿದ ಹಾಸ್ಯ ಅದು. ಪ್ಯಾಂಗ್‌ಬಾರ್ನ್ ತಮ್ಮ ಪಾತ್ರವನ್ನು ಘನತೆ ಬಿಡದೆ ಆಡುತ್ತಾರೆ, ಅದಕ್ಕೇ ಆ ದೃಶ್ಯ ಈಗಲೂ ಮುದುಡಿಲ್ಲ.

ಚೀನೀ ವಿಜ್ಞಾನಿ ಪಾತ್ರ ಬಿಳಿಯ ನಟ ಮಾಡಿದ್ದು ಸರಿನಾ?

ಸರಿಯಲ್ಲ. ಡಾಕ್ಟರ್ ವಾಂಗ್ ಆಗಿರುವವರು ಎಡ್ಮಂಡ್ ಬ್ರೀಸ್, ನ್ಯೂಯಾರ್ಕಿನವರು. ಆಗಿನ ಹಾಲಿವುಡ್ಡಿನಲ್ಲಿ ಏಷ್ಯಾದ ಮುಖ್ಯ ಪಾತ್ರಗಳನ್ನು ಬಿಳಿಯರಿಗೆ ಬಣ್ಣ ಹಚ್ಚಿ ಕೊಡುವುದೇ ರೂಢಿ. ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿದ ಆನ್ನಾ ಮೇ ವಾಂಗ್ ಅವರಂಥ ನಟಿ ಒಳ್ಳೆ ಪಾತ್ರ ಸಿಗದೆ ಯೂರೋಪಿಗೆ ಹೋಗಿದ್ದ ಕಾಲ ಅದು. ಒಂದು ಮಾತು ಮಾತ್ರ ಹೇಳಬೇಕು: ಇಡೀ ಚಿತ್ರದಲ್ಲಿ ನಿಜವಾದ ಬುದ್ಧಿವಂತ ವಾಂಗ್ ಒಬ್ಬನೇ, ಉಳಿದವರೆಲ್ಲ ಅವನ ಬಾಗಿಲಲ್ಲಿ ಕಾಯುತ್ತಾರೆ. ಅದರಿಂದ ನಟನ ಆಯ್ಕೆಯ ತಪ್ಪು ಕಡಿಮೆಯಾಗುವುದಿಲ್ಲ.

ಇದು ಬಂದ ಕಾಲಕ್ಕೆ ನಮ್ಮಲ್ಲಿ ಏನು ನಡೀತಿತ್ತು?

ಭಾರತದ ಮೊದಲ ಟಾಕಿ ಬಂದು ಎರಡು ವರ್ಷ ಆಗಿತ್ತು. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡದ್ದು 1934ರ ಮಾರ್ಚ್ 3ರಂದು. ವೈ. ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರ ಅಭಿನಯ. ಚಿತ್ರೀಕರಣ ಆದದ್ದು ಕೊಲ್ಲಾಪುರದಲ್ಲಿ.

ಎರಡೂ ಚಿತ್ರಗಳಿಗೆ ಹೋಲಿಕೆ ಇಲ್ಲ ಅನ್ನಿಸಬಹುದು. ಒಂದು ಪುರಾಣ, ಒಂದು ನೈಟ್‌ಕ್ಲಬ್. ಆದರೆ ಮಾತು ಬಂದ ಕೂಡಲೇ ಸಿನಿಮಾ ಎರಡೂ ಕಡೆ ಓಡಿದ್ದು ರಂಗದ ಕಲಾವಿದರ ಹತ್ತಿರ. ಅಲ್ಲಿ ಹಾಡು, ಹಾಸ್ಯ, ಕಸರತ್ತು ಎಲ್ಲ ಬೆರೆತ ವಾಡ್ವಿಲ್ ರಂಗಪ್ರದರ್ಶನ, ಇಲ್ಲಿ ಕಂಪನಿ ನಾಟಕ. ಹಾಡಬಲ್ಲ ಗಂಟಲು, ಕೊನೆಯ ಸಾಲಿನವರೆಗೂ ಮುಟ್ಟುವ ಮಾತು ಇದ್ದದ್ದು ಅವರಲ್ಲೇ ಅಲ್ವಾ? ಸತಿ ಸುಲೋಚನದ ಪ್ರಿಂಟ್ ಉಳಿದಿಲ್ಲ. ನಾಯ್ಡು, ನಾಗೇಂದ್ರರಾಯರು ಆ ವಯಸ್ಸಿನಲ್ಲಿ ಹೇಗೆ ನಿಂತರು, ಹೇಗೆ ಹಾಡಿದರು ಅಂತ ನಾವು ಆ ಚಿತ್ರದಲ್ಲಿ ಕಾಣಲಾರೆವು. ಕ್ಯಾಬ್ ಅವರ ಮೂರು ನಿಮಿಷ ನೋಡುವಾಗಲೆಲ್ಲ ನನಗೆ ಈ ನಷ್ಟ ನೆನಪಾಗುತ್ತದೆ.

ಇವರನ್ನೆಲ್ಲ ಇನ್ನೆಲ್ಲಿ ನೋಡಬಹುದು?

ಫೀಲ್ಡ್ಸ್ ಅವರ 1934ರ ‘ಇಟ್ಸ್ ಎ ಗಿಫ್ಟ್’ ಮೊದಲು ನೋಡಿ. ಬೆಳಗಿನ ಜಾವ ನಿದ್ದೆ ಮಾಡಲು ಒದ್ದಾಡುವ ಮನುಷ್ಯನ ದೃಶ್ಯ ಅದರಲ್ಲಿದೆ. ಬರ್ನ್ಸ್ ಮತ್ತು ಅಲೆನ್ 1950ರ ದಶಕದಲ್ಲಿ ಟಿವಿಗೆ ಬಂದರು. ಗ್ರೇಸಿ 1964ರಲ್ಲಿ ತೀರಿಕೊಂಡರು, ಬರ್ನ್ಸ್ 100 ತುಂಬಿಸಿ 1996ರಲ್ಲಿ. ಕ್ಯಾಬ್ ಕ್ಯಾಲೊವೇ ಬೇಕಾದರೆ 1980ರ ‘ದ ಬ್ಲೂಸ್ ಬ್ರದರ್ಸ್’ ಹಾಕಿ. 72ರ ವಯಸ್ಸಿನಲ್ಲಿ, ಬಿಳಿ ಉದ್ದ ಕೋಟು ತೊಟ್ಟು, 1931ರ ತಮ್ಮದೇ ‘ಮಿನ್ನಿ ದ ಮೂಚರ್’ ಹಾಡುತ್ತಾರೆ. ಅದನ್ನು ನೋಡಿದ ಮೇಲೆ ಒಮ್ಮೆ ತಿರುಗಿ ಬಂದು ಇಲ್ಲಿನ ಹಾಡು ನೋಡಿ. ನಡುವೆ 47 ವರ್ಷ. ಕೈ ಬೀಸುವ ರೀತಿ ಅದೇ.